ಬರಿದಾಗಿ ಮರಳದ ತಟ್ಟೆ: ಚಾಳಿನ ಕ್ರಿಸ್ಮಸ್ಸಿನ ನೆನಪು

ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ಸಾಕು, ಮುಂಬಯಿ ಮಹಾನಗರದ ಬಾಂದ್ರಾ, ವಕೋಲಾ, ಕಲಿನಾ, ಮರೋಲ್, ಬೊರಿವಲಿಯ ಐ.ಸಿ. ಕಾಲೊನಿ ಮೊದಲಾದೆಡೆಗಳಲ್ಲಿ ಬಾಲ್ಕನಿಗಳಿಂದ ನಕ್ಷತ್ರಗಳು ತೂಗತೊಡಗುತ್ತವೆ. ಇಗರ್ಜಿಗಳ ಅಂಗಳದಲ್ಲಿ ಗೋದಲಿಯ ಸಿದ್ಧತೆ ಆರಂಭವಾಗುತ್ತದೆ. ಊರಿನ ಸಾಮಾನು ಮಾರುವ ಅಂಗಡಿಗಳಲ್ಲಿ ಅರ್ಧ ಕಿಲೋ, ಒಂದು ಕಿಲೋ ಲೆಕ್ಕದಲ್ಲಿ ಕುಸ್ವಾರ್ ಪೊಟ್ಟಣಗಳು ಸಾಲಾಗಿ ನಿಲ್ಲುತ್ತವೆ. ಹಬ್ಬದ ಸಡಗರಕ್ಕೆ ಹೊರನೋಟಕ್ಕೆ ಯಾವ ಕೊರತೆಯೂ ಇಲ್ಲ.

ಆದರೆ ಮರೋಲಿನ ಕಟ್ಟಡವೊಂದರ ಹನ್ನೊಂದನೆಯ ಮಾಳಿಗೆಯಲ್ಲಿ ವಾಸವಾಗಿರುವ, ಎಪ್ಪತ್ತೈದು ದಾಟಿದ ಹಿರಿಯ ಮಹಿಳೆಯೊಬ್ಬರಿಗೆ ಪ್ರತಿ ವರ್ಷ ಈ ದಿನಗಳು ಬಂದಾಗ ಅಡುಗೆಮನೆಯ ಕಪಾಟಿನ ಮೇಲಿನ ಅರೆಯಲ್ಲಿರುವ ಒಂದು ಸ್ಟೀಲ್ ತಟ್ಟೆ ಕಣ್ಣಿಗೆ ಬೀಳುತ್ತಿತ್ತು. ಆ ತಟ್ಟೆ ಅವರದಲ್ಲ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಕೊರೆದಿರುವ ಹೆಸರು ಕುರ್ಲಾದ ಹಳೆಯ ಚಾಳಿನಲ್ಲಿ ಅವರ ನೆರೆಯವರಾಗಿದ್ದ ಶೆಟ್ಟರ ಮನೆಯದು. ಹೆಸರಿನ ಮುಂದೆ 1971 ಎಂಬ ಇಸವಿಯೂ ಇದೆ. ಅದು ಶೆಟ್ಟರ ಮದುವೆಗೆ ಯಾರೋ ಕೊಟ್ಟ ಉಡುಗೊರೆ. 2006ರ ಚೌತಿಯಂದು ಚಕ್ಕುಲಿ, ಉಂಡೆ ತುಂಬಿಕೊಂಡು ಬಂದಿದ್ದ ಆ ತಟ್ಟೆ ಕ್ರಿಸ್ಮಸ್ಸಿಗೆ ಕುಸ್ವಾರ್ ತುಂಬಿಕೊಂಡು ಹಿಂದಿರುಗಬೇಕಿತ್ತು. ಅಷ್ಟರಲ್ಲಿ ಚಾಳು ಖಾಲಿಯಾಯಿತು. ಒಬ್ಬರು ಮರೋಲಿಗೆ ಬಂದರು, ಇನ್ನೊಬ್ಬರು ಡೊಂಬಿವಲಿಗೆ ಹೋದರು. ತಟ್ಟೆ ಇಲ್ಲೇ ಉಳಿಯಿತು.

ಒಂದು ತಟ್ಟೆ ಹಿಂದಿರುಗದೆ ಉಳಿದರೆ ಏನು ಮಹಾ ನಷ್ಟ ಎಂದು ಇಂದಿನವರು ಕೇಳಬಹುದು. ಹಿಂದಿನ ಕಾಲದ ಕ್ರಿಸ್ಮಸ್ ಹೇಗಿತ್ತೆಂದು ಬಲ್ಲವರು ಹಾಗೆ ಕೇಳಲಾರರು.

ಶಿರ್ವದ ದಾರಿಯ ಸೂಟೆ ಬೆಳಕು

ಈ ಮಹಿಳೆ ಹುಟ್ಟಿ ಬೆಳೆದದ್ದು ಇಂದಿನ ಉಡುಪಿ ಜಿಲ್ಲೆಯ ಶಿರ್ವದ ಆಸುಪಾಸಿನ ಹಳ್ಳಿಯಲ್ಲಿ. ಆಗ ಅದು ಅವಿಭಜಿತ ದಕ್ಷಿಣ ಕನ್ನಡ. 1950ರ ದಶಕದ ಆ ಹಳ್ಳಿಯಲ್ಲಿ ವಿದ್ಯುತ್ ಇರಲಿಲ್ಲ, ಗಡಿಯಾರವಿದ್ದ ಮನೆಗಳೂ ಕಡಿಮೆ. ನಡುರಾತ್ರಿಯ ಪೂಜೆಗೆ ಹೊರಡುವ ಹೊತ್ತನ್ನು ವಾಳೆಯ ಗುರಿಕಾರರ ಮನೆಯಿಂದ ಬರುವ ಕೂಗೇ ತಿಳಿಸುತ್ತಿತ್ತು. ಒಣ ತೆಂಗಿನಗರಿಯ ಸೂಟೆ ಹಚ್ಚಿಕೊಂಡು, ಗದ್ದೆಯ ಹುಣಿಯ ಮೇಲೆ ಸಾಲಾಗಿ ಎರಡು ಮೈಲಿ ನಡೆದು ಇಗರ್ಜಿ ಸೇರಬೇಕಿತ್ತು. ಒಂದು ಮನೆಯ ಸೂಟೆ ಆರಿದರೆ ಮುಂದಿನ ಮನೆಯವರ ಸೂಟೆಯಿಂದ ಹಚ್ಚಿಕೊಳ್ಳುವುದು ವಾಡಿಕೆ. ಪೂಜೆ ಲ್ಯಾಟಿನ್ ಭಾಷೆಯಲ್ಲಿ. ಮಕ್ಕಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕವೇ ಪೂಜೆ ಕೊಂಕಣಿಗೆ ತಿರುಗಿದ್ದು.

ಕುಸ್ವಾರ್ ಎಂದರೆ ಕ್ರಿಸ್ಮಸ್ಸಿಗೆಂದು ಮಾಡುವ ತಿಂಡಿಗಳ ಒಟ್ಟು ಹೆಸರು. ಗೋವಾದವರು ಅದನ್ನು ಕೊನ್ಸ್ವಾದ ಎನ್ನುತ್ತಾರೆ. ಎಳ್ಳು, ತೆಂಗಿನತುರಿ, ಸಕ್ಕರೆ, ಒಣದ್ರಾಕ್ಷಿಯ ಹೂರಣ ತುಂಬಿ ಅರ್ಧಚಂದ್ರಾಕಾರದಲ್ಲಿ ಮಡಚಿ ಕರಿದ ನೆವ್ರಿ, ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಬೆನ್ನಿಗೆ ಒತ್ತಿ ಸುರುಳಿ ಮಾಡಿದ ಕಿಡ್ಯೊ, ಅಕ್ಕಿ ಹಿಟ್ಟು ಮತ್ತು ತೆಂಗಿನಕಾಯಿಯ ಗುಳಿಯೊ, ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ, ಇವುಗಳ ಜೊತೆಗೆ ತುಕ್ಡಿ, ಚಕ್ಕುಲಿ, ಲಾಡು. ಹಳ್ಳಿಯಲ್ಲಿ ಆಗ ಕೇಕ್ ಎಂಬುದು ಅಪರೂಪ. ಅಕ್ಕಿ, ತೆಂಗು, ಬೆಲ್ಲ, ಎಳ್ಳು ಇಷ್ಟರಲ್ಲೇ ಹಬ್ಬ ಮುಗಿಯುತ್ತಿತ್ತು.

ಹಬ್ಬದ ಮಧ್ಯಾಹ್ನ ಮಕ್ಕಳಿಗೆ ಒಂದು ಕೆಲಸ ಕಾದಿರುತ್ತಿತ್ತು. ತಟ್ಟೆಯಲ್ಲಿ ಕುಸ್ವಾರ್ ಜೋಡಿಸಿ, ಮೇಲೆ ಮಡಿಸಿದ ಬಿಳಿ ಬಟ್ಟೆ ಹೊದಿಸಿ, ನೆರೆಯ ಬಂಟರ ಮನೆಗೆ, ಬಿಲ್ಲವರ ಮನೆಗೆ, ಬ್ಯಾರಿಗಳ ಮನೆಗೆ ಮುಟ್ಟಿಸಿ ಬರುವುದು. ಕರಿದ ತಿಂಡಿ ಸ್ವೀಕರಿಸದ ಮಡಿವಂತರ ಮನೆಗೆ ಬಾಳೆಗೊನೆ ಹೋಗುತ್ತಿತ್ತು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಎಲ್ಲ ಮನೆಗಳಿಗೂ ಗೊತ್ತಿದ್ದ ಕಟ್ಟಳೆ. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲ, ಒಂದು ಹಿಡಿ ಅವಲಕ್ಕಿ, ಅದೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ. ಅನುಕೂಲವಿದ್ದವರು ತಟ್ಟೆಯನ್ನು ಇಟ್ಟುಕೊಂಡು ತಮ್ಮ ಮುಂದಿನ ಹಬ್ಬಕ್ಕೆ ತುಂಬಿಸಿ ಕಳುಹಿಸುತ್ತಿದ್ದರು.

ಲೆಕ್ಕ ಬಲ್ಲವರು ಇದನ್ನು ಗಮನಿಸಬೇಕು. ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಹೋಗಿ ಬಾಕಿ ಸೊನ್ನೆಯಾದರೆ ಖಾತೆ ಮುಚ್ಚಿದಂತೆ. ನೆರೆಹೊರೆಯ ಈ ಖಾತೆಯಲ್ಲಿ ಮಾತ್ರ ಸದಾ ಒಬ್ಬರ ಮೇಲೆ ಒಬ್ಬರದು ಏನಾದರೂ ಬಾಕಿ ಇದ್ದೇ ಇರುತ್ತಿತ್ತು. ಖಾತೆ ಮುಚ್ಚದಿರಲೆಂದೇ ಹಿರಿಯರು ಈ ಕಟ್ಟಳೆ ಮಾಡಿದ್ದರೇನೋ.

ಚಾಳೇ ಊರಾದಾಗ

1968ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದ ಈ ಮಹಿಳೆ ಕಾಲಿಟ್ಟದ್ದು ಕುರ್ಲಾದ ಚಾಳಿನ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಖೋಲಿಗೆ. ಪತಿಗೆ ಬಂದರಿನಲ್ಲಿ ಕೆಲಸ. ಪಕ್ಕದ ಖೋಲಿಯ ಶೆಟ್ಟರು ಹೊಟೇಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುತ್ತಿದ್ದರು. ಎದುರು ಸಾಲಿನಲ್ಲಿ ರತ್ನಾಗಿರಿಯ ಮರಾಠಿಗರು, ಗೋವಾದವರು, ಕೇರಳದ ಒಂದು ಕುಟುಂಬ, ಮೂಲೆಯಲ್ಲಿ ಬೇಕರಿಯಲ್ಲಿ ದುಡಿಯುವ ಉತ್ತರ ಪ್ರದೇಶದ ಮುಸ್ಲಿಮರು. ಎಲ್ಲರಿಗೂ ಒಂದೇ ಉದ್ದನೆಯ ಗ್ಯಾಲರಿ, ಒಂದೇ ನಲ್ಲಿ, ತುದಿಯಲ್ಲಿ ಸಾಮೂಹಿಕ ಶೌಚಾಲಯ.

ಅಂದು ಹಬ್ಬಕ್ಕೆಂದು ಊರಿಗೆ ಹೋಗುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಕೊಂಕಣ ರೈಲು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡದ್ದು 1998ರ ಜನವರಿ 26ರಂದು. ಅದಕ್ಕೆ ಮುಂಚೆ ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮೈ ನೋಯಿಸಿಕೊಳ್ಳಬೇಕಿತ್ತು. ರಜೆಯೂ ಹಣವೂ ಮೇ ತಿಂಗಳ ಒಂದು ಪ್ರಯಾಣಕ್ಕೆ ಮಾತ್ರ ಸಾಲುತ್ತಿತ್ತು. ಹಾಗಾಗಿ ಕ್ರಿಸ್ಮಸ್ಸಿಗೆ ಚಾಳೇ ಊರು, ನೆರೆಯವರೇ ನೆಂಟರು.

ಸಿದ್ಧತೆ ನವೆಂಬರಿನಲ್ಲೇ ಶುರು. ಸಕ್ಕರೆ ರೇಷನ್ ಕಾರ್ಡಿನ ಮೇಲೆ ಅಳೆದು ಸಿಗುತ್ತಿದ್ದ ಕಾಲವದು. ಒಂದೇ ಮನೆಯ ಪಾಲಿನಲ್ಲಿ ಕುಸ್ವಾರ್ ಆಗುವಂತಿರಲಿಲ್ಲ. ಶೆಟ್ಟರ ಹೆಂಡತಿ ತಮ್ಮ ಪಾಲಿನಿಂದ ಒಂದು ಡಬ್ಬಿ ಸಕ್ಕರೆ ತೆಗೆದಿಡುತ್ತಿದ್ದರು. ದೀಪಾವಳಿಗೆ ಅದೇ ರೀತಿ ಬಾಯಮ್ಮನ ಮನೆಯಿಂದ ಸಕ್ಕರೆ ಅತ್ತ ಹೋಗಿರುತ್ತಿತ್ತು. ಸೀಮೆಎಣ್ಣೆಯ ಸಾಲಿನಲ್ಲಿ ಯಾರ ಮನೆಯ ಮಗು ನಿಂತರೂ ಎರಡು ಮನೆಯ ಡಬ್ಬ ಹಿಡಿದು ನಿಲ್ಲುತ್ತಿತ್ತು. ಕರಿಯಲು ದೊಡ್ಡ ಬಾಣಲೆ ಯಾರ ಮನೆಯಲ್ಲೂ ಇರಲಿಲ್ಲ. ಅದನ್ನೂ ತೂತಿನ ಸಟ್ಟುಗವನ್ನೂ ಶೆಟ್ಟರು ಮಾಲೀಕರನ್ನು ಕೇಳಿ, ರಾತ್ರಿ ಹೊಟೇಲ್ ಮುಚ್ಚಿದ ಮೇಲೆ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಬೆಳಗಿನ ವಡೆಯ ಹೊತ್ತಿಗೆ ಬಾಣಲೆ ಬೆಳಗಿಸಿ ಹಿಂದಿರುಗಿಸಬೇಕು. ಹಾಗಾಗಿ ಕುಸ್ವಾರ್ ಕರಿಯುವ ಕೆಲಸ ರಾತ್ರಿ ಹನ್ನೊಂದರಿಂದ ನಸುಕಿನ ನಾಲ್ಕರವರೆಗೆ ಗ್ಯಾಲರಿಯಲ್ಲಿ ನಡೆಯುತ್ತಿತ್ತು.

ಹಿಟ್ಟು ನಾದಲು ಕೈ ಬಲವಿದ್ದ ಮಲಯಾಳಿ ಹೆಂಗಸು, ಹೂರಣಕ್ಕೆ ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿಯಲು ಶೆಟ್ಟರ ಹೆಂಡತಿ, ನೆವ್ರಿಯ ಅಂಚು ಮಡಚಲು ಕರಂಜಿ ಮಾಡಿ ಪಳಗಿದ ಮರಾಠಿ ಹೆಂಗಸು. ಕರಂಜಿಗೂ ನೆವ್ರಿಗೂ ಬಂಧುತ್ವ ಇದೆಯೆಂಬುದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳಿಗೆಲ್ಲ ಒಂದೊಂದು ಹೊಸ ಬಾಚಣಿಗೆ ಕೊಟ್ಟು ಕಿಡ್ಯೊ ಸುತ್ತಲು ಕೂರಿಸಲಾಗುತ್ತಿತ್ತು. ಕೊಕ್ಕಿಸಾಂ ಅಚ್ಚು ಇಡೀ ಚಾಳಿಗೆ ಒಂದೇ. ಅದು ಗೋವಾದವರ ಮನೆಯದು. ಅದಕ್ಕೆ ಸರದಿ ಹಚ್ಚುತ್ತಿದ್ದರು.

ಕೋಟೆಯ ಮಣ್ಣಿನಲ್ಲಿ ಬೆತ್ಲೆಹೇಮ್

ಮುಂಬಯಿಯ ಮರಾಠಿ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ, ಮೇಲೆ ಶಿವಾಜಿ ಮಹಾರಾಜರನ್ನೂ ಮಾವಳಿ ಸೈನಿಕರನ್ನೂ ನಿಲ್ಲಿಸುವುದು ಇಂದಿಗೂ ಇದೆ. ಚಾಳಿನ ಮೆಟ್ಟಿಲ ಕೆಳಗೆ ಕಟ್ಟಿದ ಆ ಕೋಟೆಯನ್ನು ದೀಪಾವಳಿ ಮುಗಿದರೂ ಯಾರೂ ಕೆಡವುತ್ತಿರಲಿಲ್ಲ. ತಿಂಗಳ ಬಳಿಕ ಅದೇ ಮಣ್ಣಿನ ಗುಡ್ಡ ಬೆತ್ಲೆಹೇಮಿನ ಬೆಟ್ಟವಾಗುತ್ತಿತ್ತು. ಊರಿನ ಪದ್ಧತಿಯಂತೆ ಹದಿನೈದು ದಿನ ಮುಂಚಿತವಾಗಿ ತಗಡಿನ ಡಬ್ಬಿಗಳಲ್ಲಿ ರಾಗಿ, ಗೋಧಿ ಬಿತ್ತಿ ಮೊಳಕೆ ಬರಿಸಿ, ಹಸುರು ಗದ್ದೆಯೆಂದು ಗೋದಲಿಯ ಸುತ್ತ ಇಡುತ್ತಿದ್ದರು. ಕುರುಬರ ಬೊಂಬೆ ಸಾಲದೆ ಹೋದಾಗ ಒಬ್ಬ ಮಾವಳಿ ಸೈನಿಕನೇ ಕುರಿ ಕಾಯಲು ನಿಂತದ್ದೂ ಉಂಟು.

ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು 1223ರಲ್ಲಿ ಮೊದಲ ಗೋದಲಿ ಏರ್ಪಡಿಸಿದಾಗ ಬೊಂಬೆಗಳನ್ನಿಟ್ಟಿರಲಿಲ್ಲ. ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಕತ್ತೆ, ಸುತ್ತ ಊರ ಜನ. ಓದು ಬರಹ ಬಾರದವರೂ ಕಣ್ಣಾರೆ ಕಂಡು ಅರಿಯಲಿ ಎಂಬುದು ಅದರ ಉದ್ದೇಶ. ಚಾಳಿನ ಮೆಟ್ಟಿಲ ಕೆಳಗಿನ ಗೋದಲಿ ಆ ಮಟ್ಟಿಗೆ ಅಸಲು ಗೋದಲಿಗೆ ಹತ್ತಿರವೇ ಇತ್ತು.

ನಕ್ಷತ್ರವನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಬಿದಿರ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು. ಒಳಗಿನ ಬಲ್ಬು ಮತ್ತು ಗ್ಯಾಲರಿಗೆ ಸುತ್ತುವ ಬಣ್ಣದ ದೀಪದ ಸರ ಗಣೇಶೋತ್ಸವ ಮಂಡಲದವು. ಡಿಸೆಂಬರ್ 31ರ ರಾತ್ರಿ ಹಳೆ ಬಟ್ಟೆಗೆ ಹುಲ್ಲು ತುಂಬಿ 'ಓಲ್ಡ್ ಮ್ಯಾನ್' ಮಾಡಿ, ಮನೆಮನೆಯಿಂದ ಚಿಲ್ಲರೆ ಎತ್ತಿ, ಹನ್ನೆರಡಕ್ಕೆ ಸುಡುವಲ್ಲಿಗೆ ಮಕ್ಕಳ ಹಬ್ಬ ಮುಗಿಯುತ್ತಿತ್ತು.

ಬೇಕರಿಯ ಭಟ್ಟಿ

ಊರಲ್ಲಿ ಅಪರೂಪವಾಗಿದ್ದ ಕೇಕ್ ಮುಂಬಯಿಯಲ್ಲಿ ಕಡ್ಡಾಯವಾಯಿತು. ಮನೆಯಲ್ಲಿ ಓವನ್ ಯಾರಿಗಿತ್ತು? ಹಿಟ್ಟು ಕಲಸಿ ಟ್ರೇಗೆ ಸುರಿದು, ಬೆಣ್ಣೆ ಕಾಗದದ ಮೇಲೆ ಹೆಸರು ಬರೆದು ಅಂಟಿಸಿ ಮೂಲೆಯ ಬೇಕರಿಗೆ ಒಯ್ಯುತ್ತಿದ್ದರು. ಪಾವ್ ಬೆಂದು ಭಟ್ಟಿ ತುಸು ಆರಿದ ಮೇಲೆ ಕೇಕಿನ ಸರದಿ. ತಮ್ಮ ಟ್ರೇ ಹೊರಬರುವವರೆಗೆ ಬೇರೆ ಬೇರೆ ಚಾಳಿನವರು ಅಲ್ಲೇ ನಿಂತು ಮಾತಾಡುತ್ತಿದ್ದರು. ಮದುವೆಯ ಸಂಬಂಧಗಳೂ ಕೆಲಸದ ಸುದ್ದಿಗಳೂ ಆ ಸಾಲಿನಲ್ಲೇ ಕೈ ಬದಲಾಯಿಸುತ್ತಿದ್ದವು. ಈಸ್ಟ್ ಇಂಡಿಯನ್ನರ ಥಾಲಿ ಸ್ವೀಟ್, ಗೋವಾದವರ ಬೆಬಿಂಕ, ಮಂಗಳೂರಿಗರ ಕೇಕ್ ಎಲ್ಲವೂ ಅಲ್ಲೇ ಒಬ್ಬರ ಕಣ್ಣಿಗೆ ಒಬ್ಬರದು ಬಿದ್ದು, ತುಂಡು ತುಂಡಾಗಿ ಬಾಯಿಗೂ ಬೀಳುತ್ತಿದ್ದವು.

1992ರ ಡಿಸೆಂಬರಿನಲ್ಲಿ ಆ ಭಟ್ಟಿ ಉರಿಯಲಿಲ್ಲ. ಡಿಸೆಂಬರ್ 6ರ ಅಯೋಧ್ಯೆಯ ಘಟನೆಯ ಬೆನ್ನಿಗೆ ಮುಂಬಯಿಯಲ್ಲಿ ಗಲಭೆ ಹೊತ್ತಿಕೊಂಡಿತ್ತು. ಮೊದಲ ಸುತ್ತು ತಣ್ಣಗಾಗಿ, ಜನವರಿಯ ಎರಡನೆಯ ಸುತ್ತು ಇನ್ನೂ ಬಾರದಿದ್ದ ಆ ನಡುವಿನ ದಿನಗಳಲ್ಲಿ ಕ್ರಿಸ್ಮಸ್ ಬಂತು. ಬೇಕರಿಯ ಕೆಲಸಗಾರರು ಊರಿಗೆ ಓಡಿದ್ದರು. ಮೂಲೆಯ ಖೋಲಿಯ ಮುಸ್ಲಿಂ ಕುಟುಂಬವೊಂದೇ ಬಾಗಿಲು ಹಾಕಿಕೊಂಡು ಉಳಿದಿತ್ತು. ಆ ವರ್ಷ ಬಾಯಮ್ಮ ಪಾತ್ರೆಯಲ್ಲಿ ಮರಳು ತುಂಬಿ, ಮುಚ್ಚಳದ ಮೇಲೆ ಕೆಂಡವಿಟ್ಟು ಸಣ್ಣದೊಂದು ಕೇಕ್ ಬೇಯಿಸಿದರು. ತಳ ಹಿಡಿದ ಆ ಕೇಕಿನ ತುಂಡು, ನಾಲ್ಕು ನೆವ್ರಿ ತಟ್ಟೆಗೆ ಹಾಕಿ, ಶೆಟ್ಟರ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಮೂಲೆಯ ಬಾಗಿಲು ತಟ್ಟಿದರು. ತೆರೆಯಲು ಬಹಳ ಹೊತ್ತು ಹಿಡಿಯಿತು. ಹೊರಗಿನಿಂದ ಹೆಸರು ಹೇಳಿದ ಮೇಲೆಯೇ ಚಿಲಕ ಸರಿಯಿತು. ಆ ಮನೆಯಲ್ಲಿ ಅಂದು ಹಿಂದಿರುಗಿಸಲು ಏನೂ ಇರಲಿಲ್ಲ. ಆದರೂ ತಟ್ಟೆ ತೊಳೆದು, ಒರೆಸಿ, ಚಿಟಿಕೆ ಸಕ್ಕರೆ ಉದುರಿಸಿ ಕೊಟ್ಟರು.

ಆ ಸಕ್ಕರೆಯ ಬಗ್ಗೆ ಬಾಯಮ್ಮ ಹೆಚ್ಚು ಮಾತಾಡುವುದಿಲ್ಲ. ಅಷ್ಟು ಸಿಹಿಯನ್ನು ತಾನು ಬೇರೆ ಯಾವ ಕ್ರಿಸ್ಮಸ್ಸಿನಲ್ಲೂ ತಿಂದಿಲ್ಲ ಎಂದಷ್ಟೇ ಹೇಳುತ್ತಾರೆ.

ಬದಲಾದದ್ದು ಏಕೆ?

ಹಳೆಯ ದಿನಗಳನ್ನು ನೆನೆಯುವಾಗ ಅಂದಿನವರೆಲ್ಲ ಒಳ್ಳೆಯವರು, ಇಂದಿನವರಿಗೆ ಮನಸ್ಸಿಲ್ಲ ಎಂದುಬಿಡುವುದು ಸುಲಭ. ಬಾಯಮ್ಮ ಅದನ್ನು ಒಪ್ಪುವುದಿಲ್ಲ. "ನಾವೇನು ದೊಡ್ಡ ಒಳ್ಳೆಯವರಾಗಿರಲಿಲ್ಲ. ನಲ್ಲಿಯ ಹತ್ತಿರ ಬಿಂದಿಗೆಯಲ್ಲಿ ಹೊಡೆದಾಡಿದವರೇ. ಆದರೆ ಮುಚ್ಚಿಕೊಳ್ಳಲು ಬಾಗಿಲು ಎಲ್ಲಿತ್ತು? ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಿರಲಿಲ್ಲ, ಅಷ್ಟೇ" ಎನ್ನುತ್ತಾರೆ.

ಅಂದಿನ ಬವಣೆಯನ್ನು ಮರೆಯುವುದೂ ಸರಿಯಲ್ಲ. ಹಬ್ಬದ ಹದಿನೈದು ದಿನ ಹೆಂಗಸರಿಗೆ ನಿದ್ದೆ ಇರಲಿಲ್ಲ. ಎಣ್ಣೆಯ ಹೊಗೆಯಲ್ಲಿ ಕೆಮ್ಮುತ್ತ ಕುಳಿತವರು ಮರುದಿನ ನಾಲ್ಕಕ್ಕೆ ನೀರು ಹಿಡಿಯಲು ಏಳಬೇಕಿತ್ತು. ಸಾಲ ಮಾಡಿ ಹಬ್ಬ ಮಾಡಿದ ಮನೆಗಳು ಮಾರ್ಚ್‌ವರೆಗೆ ತೀರಿಸುತ್ತಿದ್ದವು. ಕುಡಿದು ಬಂದ ಗಂಡಸರು ಹಬ್ಬದ ರಾತ್ರಿಯನ್ನು ಕೆಡಿಸಿದ್ದೂ ಉಂಟು. ಈಗಿನ ಸೊಸೆಯಂದಿರು ಬೆಳಗ್ಗೆ ಎಂಟಕ್ಕೆ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮರಳುವವರು. ಅವರು ಪೊಟ್ಟಣದ ಕುಸ್ವಾರ್ ತಂದರೆ ತಪ್ಪೆನ್ನುವಂತಿಲ್ಲ. ಆ ಪೊಟ್ಟಣಗಳನ್ನು ತಯಾರಿಸಿ ಹತ್ತಾರು ಮನೆಗಳ ಮಹಿಳೆಯರು ನಾಲ್ಕು ಕಾಸು ಕಾಣುತ್ತಿದ್ದಾರೆ ಎಂಬುದೂ ನಿಜ.

ಬದಲಾವಣೆ ಒಂದೇ ದಿನದಲ್ಲಿ ಬರಲಿಲ್ಲ. 1970ರ ದಶಕದಲ್ಲಿ ಕೊಲ್ಲಿ ದೇಶಗಳ ಬಾಗಿಲು ತೆರೆದು ಮನೆಯ ಗಂಡುಮಕ್ಕಳು ಹೊರಟರು. ಹಿಂದೆಯೇ ಹಣ, ಫ್ರಿಜ್, ಓವನ್ ಬಂದವು. ಬೇಕರಿಯ ಸಾಲು ಕರಗಿತು. ಸಕ್ಕರೆಯ ಕೊರತೆ ನೀಗಿತು, ನೆರೆಯವರ ಡಬ್ಬಿ ಬೇಕಾಗಲಿಲ್ಲ. ಚಾಳುಗಳು ಒಂದೊಂದಾಗಿ ಕಟ್ಟಡಗಳಾದವು, ಗ್ಯಾಲರಿ ಇದ್ದಲ್ಲಿ ಲಿಫ್ಟ್ ಬಂತು. ಕೊಂಕಣ ರೈಲು ಬಂದ ಮೇಲೆ ಹಬ್ಬಕ್ಕೆ ಊರಿಗೆ ಹೋಗುವುದು ಸುಲಭವಾಗಿ, ನಗರದಲ್ಲಿ ಉಳಿಯುವವರು ಕಡಿಮೆಯಾದರು.

ನಡುರಾತ್ರಿಯ ಪೂಜೆಯೂ ಎಲ್ಲೆಡೆ ನಡುರಾತ್ರಿಗೆ ಉಳಿಯಲಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದವು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಅದನ್ನು ಬಿಗಿಗೊಳಿಸಿತು. ಮೈದಾನದಲ್ಲಿ ಪೂಜೆ ನಡೆಸುವ ಹಲವು ಇಗರ್ಜಿಗಳು ಹತ್ತರೊಳಗೆ ಮುಗಿಯುವಂತೆ ಹೊತ್ತು ಬದಲಿಸಿಕೊಂಡವು. ರೋಗಿಗಳಿಗೆ, ವೃದ್ಧರಿಗೆ ಅದರಿಂದ ನೆಮ್ಮದಿಯೇ ಆಯಿತು. ಆದರೆ ಪೂಜೆ ಮುಗಿಸಿ ನಸುಕಿನ ಎರಡು ಗಂಟೆಗೆ ಇಡೀ ಚಾಳು ಗ್ಯಾಲರಿಯಲ್ಲಿ ಕುಳಿತು ಕಪ್ಪು ಕಾಫಿ ಕುಡಿಯುವ ಸಂದರ್ಭವೂ ಅದರೊಂದಿಗೆ ಹೋಯಿತು.

ಶುಭಾಶಯದ ಕತೆಯೂ ಅಷ್ಟೇ. ಅಂಚೆಯಲ್ಲಿ ಬಂದ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದರು. ತುರ್ತಿಗೆ ತಂತಿ ಕಚೇರಿಯಲ್ಲಿ ಒಂದು ಸಂಖ್ಯೆ ಹೇಳಿದರೆ ಅದಕ್ಕೆ ಗೊತ್ತುಪಡಿಸಿದ ಶುಭಾಶಯದ ಸಾಲು ಅತ್ತ ತಲುಪುತ್ತಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಈಗ ಒಂದು ಬೆರಳು ಒತ್ತಿದರೆ ಇನ್ನೂರು ಮಂದಿಗೆ ಒಂದೇ ನಕ್ಷತ್ರದ ಚಿತ್ರ ಹೋಗುತ್ತದೆ. ಯಾರೂ ಯಾರನ್ನೂ ಮರೆತಿಲ್ಲ, ಆದರೆ ಯಾರೂ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ನಮ್ಮವರ ಸಂಘ ಸಂಸ್ಥೆಗಳು ಕ್ರಿಸ್ಮಸ್ ಸ್ನೇಹಮಿಲನಗಳನ್ನು ಏರ್ಪಡಿಸುತ್ತಿರುವುದು ಸ್ವಾಗತಾರ್ಹ. ದೀಪ ಬೆಳಗುವುದು, ಗಣ್ಯರ ಭಾಷಣ, ಶಾಲು ಹೊದಿಸಿ ಸನ್ಮಾನ, ಹೌಸಿ, ಕೊನೆಗೆ ಭೋಜನ. ಅಲ್ಲಿ ಐನೂರು ಮಂದಿ ಸೇರುತ್ತಾರೆ, ಸಂತೋಷವೇ. ಆದರೆ ಆ ಸಭಾಗೃಹದಿಂದ ಮನೆಗೆ ಮರಳಿ, ಎದುರಿನ ಫ್ಲ್ಯಾಟಿನವರ ಹೆಸರು ಬಾಗಿಲ ಫಲಕ ನೋಡದೆ ಹೇಳಬಲ್ಲವರು ಎಷ್ಟು ಮಂದಿ?

ಬಾಕಿ ಉಳಿದ ತಟ್ಟೆ

ಬಾಯಮ್ಮನ ಪತಿ ಈಗಿಲ್ಲ. ಮಗ ದುಬಾಯಿಯಲ್ಲಿ, ಮಗಳು ಕೆನಡಾದಲ್ಲಿ. ಕಾಲೇಜು ಓದುವ ಮೊಮ್ಮಗನೊಬ್ಬ ಜೊತೆಗಿದ್ದಾನೆ. 2020ರಲ್ಲಿ ಕೊರೋನಾ ನಿಮಿತ್ತ ಡಿಸೆಂಬರ್ 22ರಿಂದ ಮಹಾರಾಷ್ಟ್ರದ ನಗರಗಳಲ್ಲಿ ರಾತ್ರಿ ಕರ್ಫ್ಯೂ ಜಾರಿಯಾಗಿದ್ದಾಗ ಅವರು ಮೊದಲ ಬಾರಿಗೆ ಪೂಜೆಯನ್ನು ಮೊಬೈಲಿನಲ್ಲಿ ನೋಡಿದರು. ಅಂದು ಇಡೀ ದಿನ ಮನೆಯ ಕರೆಗಂಟೆ ಬಾರಿಸಲಿಲ್ಲ. ಆದರೆ ಅದಕ್ಕೂ ಹಿಂದಿನ ವರ್ಷ, ಯಾವ ಕರ್ಫ್ಯೂ ಇಲ್ಲದಾಗಲೂ ಕರೆಗಂಟೆ ಬಾರಿಸಿರಲಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು.

ಕಳೆದ ಕ್ರಿಸ್ಮಸ್ಸಿಗೆ ಮೊಮ್ಮಗ ಕಪಾಟಿನ ಮೇಲಿನ ತಟ್ಟೆಯನ್ನು ಕೆಳಗಿಳಿಸಿ, "ಅಜ್ಜಿ, ಇದು ಯಾರದು?" ಎಂದು ಕೇಳಿದ. ಕನ್ನಡ ಅಕ್ಷರ ಓದಲು ಅವನಿಗೆ ಬಾರದು. ಅಜ್ಜಿ ಓದಿ ಹೇಳಿದರು. ಕತೆಯನ್ನೂ ಹೇಳಿದರು. ಶೆಟ್ಟರ ಮಗನ ಫೋನ್ ನಂಬರ್ ಹುಡುಕಲು ಹುಡುಗನಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಸುಮಾರು ಎರಡು ದಶಕ ದೂರವೆಂದುಕೊಂಡದ್ದು ಇಷ್ಟು ಹತ್ತಿರವಿತ್ತು.

ಹಬ್ಬದ ಹಿಂದಿನ ವಾರ ಅಜ್ಜಿ ಮೊಮ್ಮಗ ಕುಳಿತು ನೆವ್ರಿ ಮಾಡಿದರು. ಹುಡುಗ ಮಡಚಿದ ಅಂಚುಗಳು ಎಣ್ಣೆಯಲ್ಲಿ ಬಿಟ್ಟುಕೊಂಡು ಹೂರಣ ಹೊರಬಂತು. ಸರಿಯಾಗಿ ನಿಂತದ್ದು ಇಪ್ಪತ್ತಮೂರು. ಡಿಸೆಂಬರ್ 26ರಂದು ತಟ್ಟೆಗೆ ಬಿಳಿ ಬಟ್ಟೆ ಸುತ್ತಿ, ಮರೋಲ್ ನಾಕಾದಲ್ಲಿ ಮೆಟ್ರೋ ಹತ್ತಿ ಘಾಟ್ಕೋಪರಿಗೆ, ಅಲ್ಲಿಂದ ಲೋಕಲಿನಲ್ಲಿ ಡೊಂಬಿವಲಿಗೆ ಹೋದರು.

ಬಾಗಿಲು ತೆರೆದ ಶೆಟ್ಟರ ಹೆಂಡತಿ ಮೊದಲು ನೋಡಿದ್ದು ತಟ್ಟೆಯನ್ನು. ಅವರಿಗೂ ಈಗ ಒಂಟಿತನ. ಮೊಣಕಾಲು ನೋವಿನಿಂದ ಮೆಟ್ಟಿಲಿಳಿದು ತಿಂಗಳುಗಳಾಗಿದ್ದವು. "ಬಾಯಮ್ಮ, ತಟ್ಟೆ ಕೊಡಲು ಇಷ್ಟು ವರ್ಷ ಬೇಕಾಯಿತಾ?" ಎಂದರು ತುಳುವಿನಲ್ಲಿ. "ಅಕ್ಕ, ತುಂಬಿಸಲು ಇಷ್ಟು ವರ್ಷ ಹಿಡಿಯಿತು" ಎಂದರು ಇವರು. ಇಬ್ಬರೂ ಸಂಜೆಯವರೆಗೆ ಮಾತಾಡಿದರು. ಯಾರು ಎಲ್ಲಿ ಹೋದರು, ಯಾರು ಉಳಿದಿಲ್ಲ, ಮೂಲೆ ಮನೆಯ ಬೇಕರಿಯವನ ಮಗಳು ಈಗ ಮುಂಬ್ರಾದಲ್ಲಿ ಶಿಕ್ಷಕಿಯಾಗಿದ್ದಾಳೆ ಎಂಬುದೂ ತಿಳಿಯಿತು.

ಹೊರಡುವ ಹೊತ್ತಿಗೆ ಬಾಯಮ್ಮ ತಟ್ಟೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. ಶೆಟ್ಟರ ಹೆಂಡತಿ ಒಳಗೆ ಹೋಗಿ, ಅದೇ ತಟ್ಟೆಯಲ್ಲಿ ಚಕ್ಕುಲಿ ತುಂಬಿ ತಂದು ಹುಡುಗನ ಕೈಗಿಟ್ಟರು.

"ತಟ್ಟೆ ನಿಮ್ಮದಲ್ಲವಾ ಅಕ್ಕ, ಇಲ್ಲೇ ಇರಲಿ."

"ಇಲ್ಲಿಟ್ಟರೆ ನೀವು ಮತ್ತೆ ಬರುವುದಿಲ್ಲ. ತೆಗೆದುಕೊಂಡು ಹೋಗಿ."

ಹೀಗೆ ತಟ್ಟೆ ಮತ್ತೆ ಮರೋಲಿಗೆ ಬಂದಿದೆ. ಚಾಳುಗಳು ಮರಳಿ ಬರಲಾರವು, ಬರಬೇಕೆಂದು ಅಲ್ಲಿ ಬದುಕಿದವರೂ ಬಯಸಲಾರರು. ಆದರೆ ತಟ್ಟೆಯೊಂದು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗಲು ಚಾಳೇ ಬೇಕೆಂದಿಲ್ಲ. ಕೊರತೆ ಇದ್ದಾಗ ತಾನಾಗಿಯೇ ನಡೆಯುತ್ತಿದ್ದ ಕೆಲಸವನ್ನು ಅನುಕೂಲವಿರುವಾಗ ನಾವೇ ಎದ್ದು ಮಾಡಬೇಕಾಗಿದೆ, ವ್ಯತ್ಯಾಸ ಅಷ್ಟೇ. ಮನೆಯಲ್ಲಿ ಮಾಡಿದ್ದಾದರೂ ಸರಿ, ಪೊಟ್ಟಣದ್ದಾದರೂ ಸರಿ. ಡಬ್ಬಿಯಲ್ಲಲ್ಲದೆ, ಹಿಂದಿರುಗಿಸಬೇಕಾದ ತಟ್ಟೆಯಲ್ಲಿ ಕೊಟ್ಟು ನೋಡಬೇಕು.

ಬಾಯಮ್ಮನ ಎದುರಿನ ಫ್ಲ್ಯಾಟಿನಲ್ಲಿ ಎರಡು ವರ್ಷಗಳಿಂದ ಗುಜರಾತಿ ದಂಪತಿ ಇದ್ದಾರೆ. ಮೊಟ್ಟೆ ತಿನ್ನದವರು. ಈ ಕ್ರಿಸ್ಮಸ್ಸಿಗೆ ಅವರಿಗೆಂದು ಮೊಟ್ಟೆ ಹಾಕದ ಗುಳಿಯೊ, ನೆವ್ರಿ ಮಾಡುವುದೆಂದು ಅಜ್ಜಿ ಮೊಮ್ಮಗ ನಿರ್ಧರಿಸಿದ್ದಾರೆ. ಆ ಮನೆಗೆ ಹೋಗಬೇಕಾದ ತಟ್ಟೆಯ ಅಂಚಿನಲ್ಲಿ ಹೆಸರು ಕೊರೆಸಲು ಹುಡುಗ ಅದನ್ನು ಪಾತ್ರೆ ಅಂಗಡಿಗೆ ಕೊಟ್ಟೂ ಬಂದಿದ್ದಾನೆ.